ಮಳೆಗಾಲಕ್ಕೆ ಮುನ್ನ ಹೊಸ ಟಯರು ಪಳಗಿಸುವ ಕ್ರಮ

ಕಾಫಿಯ ಲೆಕ್ಕ ಚುಕ್ತಾ ಆಗಿ, ಅಡಿಕೆಯ ಕೊನೆಯ ಕೊಯ್ಲಿನ ಹಣವೂ ಕೈಸೇರುವ ಹೊತ್ತಿಗೆ ಏಪ್ರಿಲ್ ಕಳೆದು ಮೇ ತಿಂಗಳು ಬಂದಿರುತ್ತದೆ. ನಮ್ಮಂಥ ಸಣ್ಣ ಬೆಳೆಗಾರರ ಮನೆಯಲ್ಲಿ ಮುಂದಕ್ಕೆ ತಳ್ಳಿದ ಕೆಲಸಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುವ ಕಾಲ ಅದು. ಒಡೆದ ಹೆಂಚು ಬದಲಾಯಿಸಬೇಕು, ಮೈಲುತುತ್ತ ಸುಣ್ಣ ತಂದಿಡಬೇಕು, ಸೌದೆ ಒಳಸೇರಿಸಬೇಕು. ಈ ಪಟ್ಟಿಯಲ್ಲಿ ಮೋಟಾರ್ ಸೈಕಲ್ಲಿನ ಸವೆದ ಟಯರಿನ ಸರದಿ ಯಾವಾಗಲೂ ಕೊನೆಗೆ. ಮೊದಲ ಮಳೆಗೆ ಗಾಡಿ ಒಂದು ಸಲ ಜಾರಿ ಎದೆ ಝಲ್ಲೆಂದ ಮೇಲೆ ಪೇಟೆಗೆ ಓಡುವುದು, ಹೊಸ ಟಯರು ಹಾಕಿಸುವುದು, ಅದೇ ಸಂಜೆ ಅದೇ ಮಳೆಯಲ್ಲಿ ಹಿಂದುಗಡೆ ಗೊಬ್ಬರದ ಚೀಲ ಕಟ್ಟಿಕೊಂಡು ಊರಿಗೆ ಹೊರಡುವುದು, ಇದು ನಮ್ಮಲ್ಲಿ ನಡೆದುಬಂದ ಪದ್ಧತಿ. ‘ಹೊಸ ಟಯರು ಹಾಕಿಸಿದ್ದೇನಲ್ಲ, ಇನ್ನು ಭಯವಿಲ್ಲ’ ಎಂಬ ಧೈರ್ಯ ಬೇರೆ.

ಈ ಧೈರ್ಯಕ್ಕೆ ಆಧಾರವಿಲ್ಲ ಎಂದು ಹೇಳುವುದಕ್ಕಾಗಿಯೇ ಈ ಲೇಖನ. ಹೊಸ ಟಯರಿಗೆ ನೆಲ ಹಿಡಿಯುವ ಶಕ್ತಿ ಅಂಗಡಿಯಿಂದ ತಂದ ದಿನವೇ ಪೂರ್ತಿಯಾಗಿ ಬಂದಿರುವುದಿಲ್ಲ. ಮೊದಲ ನೂರೈವತ್ತು ಕಿಲೋಮೀಟರು ಅದನ್ನು ಪಳಗಿಸಬೇಕು. ಆ ನೂರೈವತ್ತು ಕಿಲೋಮೀಟರು ಒಣ ರಸ್ತೆಯಲ್ಲಿ ಕಳೆಯಬೇಕಾದರೆ ಟಯರು ಮಳೆಗೆ ಮೊದಲೇ ಗಾಡಿಯ ಮೇಲಿರಬೇಕು.

ಇಂಜಿನ್ನಿನ ವಿಷಯದಲ್ಲಿ ಇದು ನಮಗೆ ಹೊಸ ಮಾತಲ್ಲ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ, ಯೆಜ್ಡಿ ಗಾಡಿಗಳು ಹೊರಬರುತ್ತಿದ್ದಾಗ ಅವುಗಳನ್ನು ಕೊಂಡವರು ‘ರನ್ನಿಂಗ್ ಇನ್’ ಮುಗಿಯುವ ತನಕ ಮಗುವನ್ನು ನಡೆಸಿದ ಹಾಗೆ ನಡೆಸುತ್ತಿದ್ದರು. ಈಗಲೂ ಹೊಸ ಗಾಡಿ ತಂದವರು ಮೊದಲ ಸರ್ವೀಸು ಆಗುವವರೆಗೆ ಆಕ್ಸಿಲರೇಟರನ್ನು ಜೋರಾಗಿ ತಿರುಗಿಸುವುದಿಲ್ಲ. ಇಂಜಿನ್ನು ಕೆಟ್ಟರೆ ದುಡ್ಡು ಹೋದೀತು, ಟಯರು ಜಾರಿದರೆ ಕೈಕಾಲು ಹೋದೀತು. ಆದರೂ ನಾವು ಉಪಚಾರ ಮಾಡುವುದು ಇಂಜಿನ್ನಿಗೆ.

ಹೊಸ ಟಯರು ಏಕೆ ಜಾರುತ್ತದೆ ಎಂಬುದನ್ನು ತಿಳಿಯಲು ಅದು ಹುಟ್ಟುವ ಬಗೆಯನ್ನು ಸ್ವಲ್ಪ ನೋಡಬೇಕು. ಸುಳ್ಯ, ಪುತ್ತೂರಿನ ಕಡೆಯ ಬೆಳೆಗಾರರಿಗೆ ರಬ್ಬರು ಪರಿಚಯದ್ದೇ. ಹಾಲು ಹೆಪ್ಪುಗಟ್ಟಿಸಿ, ಹಾಳೆ ಒತ್ತಿ, ಹೊಗೆಮನೆಯಲ್ಲಿ ಒಣಗಿಸುತ್ತೇವೆ. ಆ ಹಾಳೆ ಬಿಸಿಲಿಗೆ ಮೆತ್ತಗಾಗುತ್ತದೆ, ಚಳಿಗೆ ಬಿರುಸಾಗುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಸೇರಿಸಿ ಕಾಯಿಸಿದರೆ ಈ ದೋಷ ಹೋಗುತ್ತದೆ ಎಂದು ಕಂಡುಕೊಂಡ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟಯರಿಗೆ ಪೇಟೆಂಟ್ ಪಡೆದ. ಇಂದಿಗೂ ಕೆಲಸದ ತಿರುಳು ಅದೇ. ರಬ್ಬರಿಗೆ ಗಂಧಕ, ಕಾಡಿಗೆಯಂಥ ಇಂಗಾಲದ ಪುಡಿ, ಎಣ್ಣೆ, ಮೇಣ ಮುಂತಾದುವನ್ನು ಬೆರೆಸಿ, ನೂಲಿನ ಪದರಗಳ ಮೇಲೆ ಸುತ್ತಿ, ಕಬ್ಬಿಣದ ಅಚ್ಚಿನೊಳಗೆ ಇಟ್ಟು, ನೂರೈವತ್ತು ಡಿಗ್ರಿಗೂ ಮೇಲ್ಪಟ್ಟ ಶಾಖದಲ್ಲಿ ಒಳಗಿನಿಂದ ಒತ್ತಿ ಬೇಯಿಸುತ್ತಾರೆ.

ಹೀಗೆ ಬೆಂದ ರಬ್ಬರು ಅಚ್ಚಿಗೆ ಅಂಟಿಕೊಳ್ಳದೆ ಬಿಟ್ಟುಬರಬೇಕಲ್ಲ. ಹಲಸಿನ ಹಣ್ಣು ಬಿಡಿಸುವ ಮೊದಲು ನಾವು ಕೈಗೆ, ಕತ್ತಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವುದು ಯಾವ ಕಾರಣಕ್ಕೋ ಅದೇ ಕಾರಣಕ್ಕೆ ಟಯರಿಗೂ ಅಚ್ಚಿಗೂ ನಡುವೆ ಅಂಟದಂಥ ದ್ರವ್ಯ ಬಳಿಯುವ ರೂಢಿ ಇದೆ. ಅದರ ಲೇಪ ಅಷ್ಟಿಷ್ಟು ಟಯರಿನ ಮೈಮೇಲೆ ಉಳಿದಿರಬಹುದು. ಈಚಿನ ಕಾರ್ಖಾನೆಗಳಲ್ಲಿ ಅಚ್ಚಿಗೇ ಅಂಟದ ಲೇಪನ ಕೊಟ್ಟು ಈ ದ್ರವ್ಯವನ್ನು ಬಹಳ ಕಡಿಮೆ ಮಾಡಿದ್ದಾರೆ, ನಿಜ. ಆದರೆ ನುಣುಪಾದ ಲೋಹಕ್ಕೆ ಒತ್ತಿ ಬೆಂದ ರಬ್ಬರಿನ ಹೊರಚರ್ಮ ಗಾಜಿನಂತೆ ನುಣುಪಾಗಿಯೇ ಬರುತ್ತದೆ. ಅದನ್ನು ಯಾವ ಲೇಪನವೂ ತಪ್ಪಿಸುವುದಿಲ್ಲ. ಜೊತೆಗೆ ರಬ್ಬರಿನೊಳಗೆ ಬೆರೆಸಿದ ಮೇಣ ದಾಸ್ತಾನಿನಲ್ಲಿ ಇರುವಷ್ಟು ದಿನವೂ ನಿಧಾನವಾಗಿ ಮೇಲಕ್ಕೆ ಒಸರುತ್ತದೆ. ಬಿಸಿಲು ಗಾಳಿಗೆ ರಬ್ಬರು ಬಿರಿಯದಂತೆ ಕಾಪಾಡಲು ಬೆರೆಸಿದ ಮೇಣ ಅದು. ಟಯರಿಗೆ ಒಳ್ಳೆಯದು, ಸವಾರನಿಗೆ ಮೊದಲ ಕೆಲವು ದಿನ ಒಳ್ಳೆಯದಲ್ಲ. ಹೊಸ ಟಯರಿನ ಮೈಮೇಲೆ ಕೂದಲಿನಂತೆ ನಿಂತಿರುವ ಎಳೆಗಳು ಅಚ್ಚಿನ ಗಾಳಿರಂಧ್ರಗಳಿಗೆ ನುಗ್ಗಿದ ರಬ್ಬರು. ಅವುಗಳಿಂದ ಕೇಡೇನೂ ಇಲ್ಲ, ಆದರೆ ಒಂದು ಉಪಯೋಗವಿದೆ. ಅದನ್ನು ಮುಂದೆ ಹೇಳುತ್ತೇನೆ.

ಹೊಸ ದೋಸೆ ಕಾವಲಿಯನ್ನು ಮನೆಯವರು ಹೇಗೆ ಪಳಗಿಸುತ್ತಾರೆ ಎಂಬುದನ್ನು ನೆನೆಸಿಕೊಳ್ಳಿ. ಅಲ್ಲಿ ದೋಸೆ ಅಂಟದಿರಲಿ ಎಂದು ಎಣ್ಣೆ ಕುಡಿಸುತ್ತಾರೆ. ಇಲ್ಲಿ ಲೆಕ್ಕ ತಿರುಗುಮುರುಗು. ಟಯರು ರಸ್ತೆಗೆ ಅಂಟಲಿ ಎಂದು ಇದ್ದ ಜಿಡ್ಡನ್ನು, ನುಣುಪನ್ನು ತೆಗೆಯಬೇಕು. ತೆಗೆಯುವ ಕೆಲಸ ರಸ್ತೆಯದು. ಒರಟು ಡಾಂಬರಿನ ಮೇಲೆ ಉರುಳಿ ಉರುಳಿ ಮೇಲಿನ ಚರ್ಮ ಸವೆದು, ರಬ್ಬರು ಬಿಸಿಯಾಗಿ ತಣಿದು ಮತ್ತೆ ಬಿಸಿಯಾಗಿ, ಒಳಗಿನ ನೂಲಿನ ಪದರಗಳು ಒಂದಕ್ಕೊಂದು ಹೊಂದಿಕೊಂಡ ಮೇಲೆ ಟಯರು ಕೆಲಸಕ್ಕೆ ಬರುತ್ತದೆ. ಎಷ್ಟು ದೂರ ಎಂಬ ವಿಷಯದಲ್ಲಿ ತಯಾರಕರ ಮಾತು ಒಂದೇ ಆಗಿಲ್ಲ. 100 ಕಿ.ಮೀ. ಎನ್ನುವವರಿದ್ದಾರೆ, ನೂರು ಮೈಲಿ ಅಂದರೆ 160 ಕಿ.ಮೀ. ಎನ್ನುವವರಿದ್ದಾರೆ, 300 ಎನ್ನುವವರೂ ಇದ್ದಾರೆ. ನಮ್ಮ ಕಡೆಯ ಒರಟು ರಸ್ತೆಗೆ ನೂರೈವತ್ತು ನ್ಯಾಯವಾದ ಲೆಕ್ಕ ಎಂಬುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಜಾಗರೂಕತೆ ಒಂದು ಟಯರಿಗೆ ಬೇಕೇ ಎಂದು ಕೇಳುವವರು ಒಂದು ವಿಷಯ ಗಮನಿಸಬೇಕು. ನಮ್ಮ ನೂರು, ನೂರಿಪ್ಪತ್ತೈದು ಸಿ.ಸಿ. ಗಾಡಿಯ ಒಂದೊಂದು ಟಯರೂ ನೆಲಕ್ಕೆ ತಾಗುವುದು ಹೆಚ್ಚೆಂದರೆ ಒಂದು ಎಳೆಯ ವೀಳ್ಯದೆಲೆಯಷ್ಟು ಜಾಗದಲ್ಲಿ. ಗಾಡಿ, ಸವಾರ, ಹಿಂದೆ ಕೂತವರು, ಮಡಿಲಲ್ಲಿ ಮಗು, ಪಕ್ಕಕ್ಕೆ ತೂಗುಹಾಕಿದ ಹಾಲಿನ ಕ್ಯಾನು, ಎಲ್ಲವೂ ನಿಂತಿರುವುದು ಎರಡು ಎಲೆಗಳ ಮೇಲೆ. ಆ ಎಲೆಗೆ ಜಿಡ್ಡು ಹತ್ತಿದ್ದರೆ ಏನಾದೀತು ಎಂದು ಅಡಿಕೆ ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ.

ಇನ್ನು ಕಿಲೋಮೀಟರಿನ ಲೆಕ್ಕವೊಂದನ್ನೇ ನಂಬಿದರೂ ಆಗದು ಎಂಬುದಕ್ಕೆ ದೂರದ ಊರಿನ ಉದಾಹರಣೆ ಕೊಡುತ್ತೇನೆ. ನಮ್ಮ ಸದಸ್ಯರಲ್ಲಿ ಹಲವರ ಮಕ್ಕಳು ಈಗ ಬಯಲುಸೀಮೆಯ ಊರುಗಳಲ್ಲಿ ನೌಕರಿಯಲ್ಲಿದ್ದಾರೆ. ನನ್ನ ತಂಗಿಯ ಮಗನೂ ಹಾಗೆಯೇ, ಕಲಬುರಗಿಯಲ್ಲಿ ಕೆಲಸ, ವಾಸ ನಗರದಂಚಿನ ತಾಜಸುಲ್ತಾನಪುರದಲ್ಲಿ. ರಾಜ್ಯ ಮೀಸಲು ಪೊಲೀಸ್ ಪಡೆಯ ತುಕಡಿ ಇರುವ ಊರು ಎಂದರೆ ಆ ಕಡೆಯವರಿಗೆ ಗುರುತು ಸಿಗುತ್ತದೆ. ಏಪ್ರಿಲ್ ತಿಂಗಳಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಅವನು ಗಾಡಿಯ ಎರಡೂ ಟಯರು ಬದಲಾಯಿಸಿದ. ಬಿಸಿಲು ನಲವತ್ತು ಡಿಗ್ರಿ ದಾಟಿತ್ತು. ಟಯರು ಹಾಕಿದ ಮೇಸ್ತ್ರಿ ವಯಸ್ಸಾದವರು. ಗಾಡಿ ಕೈಗೆ ಕೊಡುವಾಗ, ‘ಸಾವಕಾಶ ಹೋಗ್ರಿ, ಮ್ಯಾಲಿನ ಎಣ್ಣಿ ಹೋಗೋತನಕಾ ಜಾರ್ತದ. ರಸ್ತಾ ಸೀದಾ ಅದ ಅಂತ ನಂಬಬ್ಯಾಡ್ರಿ’ ಎಂದರು. ಅವರ ಮಾತಿನ ಎರಡನೆಯ ಭಾಗ ನನಗೆ ಆಗ ಅಷ್ಟಾಗಿ ಹಿಡಿಸಲಿಲ್ಲ. ತಿಂಗಳು ಕಳೆದ ಮೇಲೆ ಅದರ ಅರ್ಥ ಕಂಡಿತು.

ಕಲಬುರಗಿಯ ಸುತ್ತಿನ ರಸ್ತೆಗಳು ಎರೆಮಣ್ಣಿನ ತೊಗರಿ ಹೊಲಗಳ ನಡುವೆ ಹಗ್ಗ ಹಿಡಿದು ಎಳೆದಂತೆ ಹೋಗುತ್ತವೆ. ತಂಗಿಯ ಮಗ ದಿನವೂ ರಿಂಗ್ ರಸ್ತೆಯಲ್ಲಿ ಓಡಾಡಿದ. ಒಂದು ಭಾನುವಾರ ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರಕ್ಕೂ ಹೋಗಿ ಬಂದ. ಆ ಬಾಳೆಗೆ ಈಗ ಭೌಗೋಳಿಕ ಸೂಚಿಯ ಮನ್ನಣೆ ಸಿಕ್ಕಿದೆ, ನಮ್ಮ ಬೆಳೆಗಾರರು ಒಮ್ಮೆ ನೋಡಬೇಕಾದ ತೋಟಗಳು. ಮೇ ಕೊನೆಯಲ್ಲಿ ರಜೆ ಹಾಕಿ ಜೇವರ್ಗಿ, ಶಹಾಪುರ, ಲಿಂಗಸೂಗೂರು, ಹೊಸಪೇಟೆ, ಚಿತ್ರದುರ್ಗದ ಮೇಲೆ ಗಾಡಿಯಲ್ಲೇ ಊರಿಗೆ ಬಂದ. ಎಲ್ಲ ಕೂಡಿಸಿದರೆ ಟಯರು ಸಾವಿರ ಕಿಲೋಮೀಟರಿನ ಹತ್ತಿರ ಓಡಿರಬೇಕು. ಪಳಗಿದೆ ಎಂದು ಯಾರಾದರೂ ಹೇಳುವ ಟಯರು.

ಮನೆಯಂಗಳದಲ್ಲಿ ಗಾಡಿಯನ್ನು ನಡುಸ್ಟಾಂಡಿಗೆ ಹಾಕಿ ಚಕ್ರ ತಿರುಗಿಸಿ ನೋಡಿದೆವು. ಟಯರಿನ ನಡುಭಾಗ ಮಂಕಾಗಿ, ಒರಟಾಗಿ, ಸರಿಯಾಗಿ ಪಳಗಿತ್ತು. ಎರಡೂ ಪಕ್ಕಗಳಲ್ಲಿ ಎರಡು ಬೆರಳಿನಷ್ಟು ಅಗಲಕ್ಕೆ ಅಂಗಡಿಯ ಹೊಳಪು ಹಾಗೆಯೇ ಇತ್ತು, ಕೂದಲೆಳೆಗಳೂ ನೆಟ್ಟಗೆ ನಿಂತಿದ್ದವು. ಗಾಡಿ ವಾಲಿದಾಗ ಮಾತ್ರ ನೆಲ ಮುಟ್ಟುವ ಭಾಗ ಅದು. ನೇರ ರಸ್ತೆಯಲ್ಲಿ ಗಾಡಿ ವಾಲುವುದೇ ಇಲ್ಲ. ಅಂದರೆ ಸಾವಿರ ಕಿಲೋಮೀಟರು ಓಡಿದ ಟಯರಿನ ಪಕ್ಕಗಳು ಇನ್ನೂ ಒಂದು ಕಿಲೋಮೀಟರೂ ಓಡಿರಲಿಲ್ಲ. ನಮ್ಮ ಕಡೆಯ ರಸ್ತೆಯಲ್ಲಿ ಆ ಪಕ್ಕಗಳಿಗೇ ಕೆಲಸ ಜಾಸ್ತಿ. ಆಗುಂಬೆಯ ಹದಿನಾಲ್ಕು ತಿರುವುಗಳಿರಲಿ, ಚಾರ್ಮಾಡಿ, ಶಿರಾಡಿ, ಸಂಪಾಜೆ, ಹುಲಿಕಲ್ ಇರಲಿ, ಅಷ್ಟು ದೂರವೇಕೆ, ನಮ್ಮ ನಮ್ಮ ತೋಟದಿಂದ ಡೇರಿಗೆ ಹೋಗುವ ದಾರಿಯೇ ಇರಲಿ, ಗಾಡಿ ನೆಟ್ಟಗೆ ನಿಲ್ಲುವುದಕ್ಕಿಂತ ವಾಲಿರುವುದೇ ಹೆಚ್ಚು.

ಅವನಿಗೆ ಹೇಳಿ ಎರಡು ದಿನ ಒಣಹವೆಯಲ್ಲಿ ನಮ್ಮ ರಸ್ತೆಯ ತಿರುವುಗಳಲ್ಲೇ ನಿಧಾನವಾಗಿ ಓಡಾಡಿಸಿದೆವು. ಪಕ್ಕಗಳ ಹೊಳಪು ಮುಕ್ಕಾಲು ಪಾಲು ಹೋಯಿತು. ಮೂರನೆಯ ದಿನ ಮಳೆ ಬಂತು. ಹೊಳಪು ಉಳಿದೇ ಇದ್ದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಅದೇ ವಾರ ನಮ್ಮ ಸದಸ್ಯರೊಬ್ಬರ ಮಗ ಸಾಕ್ಷಿಯಾದ. ಅವನೂ ಹೊರಗಿನಿಂದ ಬಂದವನೇ, ಹಿಂದಿನ ಟಯರು ಹೊಸತು. ಇಳಿಜಾರಿನ ತಿರುವಿನಲ್ಲಿ ಗಾಡಿ ವಾಲಿದ್ದೇ ತಡ, ಹಿಂದಿನ ಚಕ್ರ ಹೊರಕ್ಕೆ ಸರಿಯಿತು. ಮುಂಗೈ ಮೂಳೆ ಬಿರುಕುಬಿಟ್ಟು ಆರು ವಾರ ಕಟ್ಟು. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಹೊತ್ತಿನಲ್ಲಿ ಮನೆಯ ಒಂದು ಜೊತೆ ಕೈ ಕಡಿಮೆಯಾದರೆ ಕೊಳೆರೋಗಕ್ಕೆ ತೋಟ ಬಾಗಿಲು ತೆರೆದಂತೆ. ಆ ಮನೆಯವರಿಗೆ ಆದ ನಷ್ಟ ಆಸ್ಪತ್ರೆಯ ಬಿಲ್ಲಿನಲ್ಲಿ ಮುಗಿಯಲಿಲ್ಲ.

ಆದ್ದರಿಂದ ಮೀಟರು ನೋಡುವುದರ ಜೊತೆಗೆ ಟಯರಿನ ಪಕ್ಕವನ್ನೂ ನೋಡಿ. ಕೂದಲೆಳೆಗಳ ಉಪಯೋಗ ಇದೇ. ಅವು ಎಲ್ಲಿಯವರೆಗೆ ಸವೆದಿವೆಯೋ ಅಲ್ಲಿಯವರೆಗೆ ಟಯರು ಪಳಗಿದೆ. ಅಲ್ಲಿಂದಾಚೆಗೆ ಅದು ಹೊಸದೇ. ಸ್ಕೂಟರ್ ಸವಾರರಿಗೂ ಇದು ಅನ್ವಯಿಸುತ್ತದೆ. ತೀರ ಹೊರ ಅಂಚಿನವರೆಗೂ ಸವೆಯಲೇಬೇಕೆಂದು ಹಟ ಹಿಡಿದು ಗಾಡಿಯನ್ನು ನೆಲಕ್ಕೆ ಒರಗಿಸುವ ಹುಡುಗಾಟವೂ ಬೇಡ. ದಿನನಿತ್ಯ ಎಷ್ಟು ವಾಲಿಸುತ್ತೀರೋ ಅಷ್ಟು ಅಗಲ ಪಳಗಿದರೆ ಸಾಕು.

ಪಳಗಿಸುವುದು ಹೇಗೆ? ಕಷ್ಟವೇನಿಲ್ಲ. ಮೊದಲ ಐವತ್ತು ಕಿಲೋಮೀಟರು ಒಣ ರಸ್ತೆಯಲ್ಲಿ ನಲವತ್ತರ ವೇಗ ಮೀರದೆ, ತಿರುವಿಗೆ ಮೊದಲೇ ವೇಗ ತಗ್ಗಿಸಿ, ಗಾಡಿಯನ್ನು ಆದಷ್ಟು ನೆಟ್ಟಗೆ ಇಟ್ಟುಕೊಂಡು ಹೋಗಿ. ಆಕ್ಸಿಲರೇಟರನ್ನು ಝಾಡಿಸಬೇಡಿ. ಬ್ರೇಕನ್ನು ಎರಡೂ ಸೇರಿಸಿ, ಮೆಲ್ಲಗೆ, ಮುಂಚಿತವಾಗಿ ಹಿಡಿಯಿರಿ. ಆಮೇಲಿನ ಐವತ್ತರಲ್ಲಿ ತಿರುವುಗಳನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚು ವಾಲಿಸುತ್ತ ಬನ್ನಿ, ಎಡಕ್ಕೂ ಬಲಕ್ಕೂ. ಕೊನೆಯ ಐವತ್ತರಲ್ಲಿ ನಿಮ್ಮ ಮಾಮೂಲಿ ಓಡಾಟಕ್ಕೆ ಹತ್ತಿರ ಬರಬಹುದು. ನೂರು ದಾಟಿದ ಮೇಲೆ ಮುಂದೆ ಹಿಂದೆ ಯಾರೂ ಇಲ್ಲದ ನೇರ, ಒಣ ರಸ್ತೆಯಲ್ಲಿ ಮೂರು ನಾಲ್ಕು ಸಲ ಕೊಂಚ ಬಿಗಿಯಾಗಿ ಬ್ರೇಕು ಹಿಡಿದು ಗಾಡಿ ಹೇಗೆ ನಿಲ್ಲುತ್ತದೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ದಿನಕ್ಕೆ ಹದಿನೈದು ಇಪ್ಪತ್ತು ಕಿಲೋಮೀಟರು ಓಡುವ ನಮ್ಮವರಿಗೆ ಇದೆಲ್ಲ ಎಂಟು ಹತ್ತು ದಿನದ ಕೆಲಸ.

ಈ ಹತ್ತು ದಿನ ಗಾಡಿಗೆ ಮೂಟೆ ಹಾಕಬೇಡಿ. ಇದನ್ನು ಒತ್ತಿ ಹೇಳಬೇಕಾಗಿದೆ. ಐವತ್ತು ಕಿಲೋ ಚೀಲವನ್ನು ಕ್ಯಾರಿಯರಿನ ತುದಿಗೆ ಕಟ್ಟಿದರೆ ಹಿಂದಿನ ಚಕ್ರಕ್ಕೆ ಭಾರ ಹೆಚ್ಚಿ ಮುಂದಿನ ಚಕ್ರ ಹಗುರಾಗುತ್ತದೆ. ಮುಂದಿನ ಟಯರೂ ಹೊಸತಾಗಿದ್ದರೆ ಹ್ಯಾಂಡಲು ತಿರುಗಿಸಿದರೂ ಗಾಡಿ ತಿರುಗದೆ ನೇರ ಹೋಗುವ ಅಪಾಯವಿದೆ. ಹಿಂದಿನ ಚಕ್ರ ಜಾರಿದರೆ ಎಷ್ಟೋ ಸಲ ಸುಧಾರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ಸುಧಾರಿಸುವಷ್ಟು ಹೊತ್ತು ಸಿಗುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ವರ್ಷಗಟ್ಟಲೆ ಓಡಿದ ಹಳೆಯ ಟಯರು ನಡುವೆ ಸವೆದು ಚಪ್ಪಟೆಯಾಗಿರುತ್ತದೆ. ಅದರ ಮೇಲೆ ಗಾಡಿ ವಾಲಲು ಕೊಂಚ ಹಟ ಮಾಡುತ್ತದೆ, ನಮ್ಮ ಕೈಗೆ ಅದೇ ಅಭ್ಯಾಸವಾಗಿರುತ್ತದೆ. ಹೊಸ ಟಯರಿನ ಬೆನ್ನು ದುಂಡಗೆ. ಮುಟ್ಟಿದರೆ ಸಾಕು, ಗಾಡಿ ಚಟ್ಟನೆ ವಾಲುತ್ತದೆ. ‘ಹೊಸ ಟಯರು ಹಾಕಿದ ಮೇಲೆ ಗಾಡಿ ಬೀಳಲು ಬಂದಹಾಗಾಗುತ್ತದೆ’ ಎಂದು ಹಿರಿಯ ಸದಸ್ಯರು ದೂರುವುದು ಇದನ್ನೇ. ಗಾಡಿಯಲ್ಲಿ ದೋಷವಿಲ್ಲ. ಟಯರಿನ ಜೊತೆಗೆ ಸವಾರನೂ ಪಳಗಬೇಕಾಗಿದೆ, ಅಷ್ಟೆ.

ಟಯರು ಹಾಕಿಸುವ ದಿನ ಅಂಗಡಿಯ ಮುಂದೆ ಚಹಾ ಕುಡಿಯುತ್ತ ಕೂರುವ ಬದಲು ಪಕ್ಕದಲ್ಲಿ ನಿಂತು ಕೆಲವು ವಿಷಯ ನೋಡಿಕೊಳ್ಳಿ. ಟಯರಿನ ಪಕ್ಕೆಯ ಮೇಲೆ ನಾಲ್ಕು ಅಂಕೆಗಳು ಒತ್ತಿರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 1824 ಎಂದಿದ್ದರೆ 2024ನೆಯ ಇಸವಿಯ ಹದಿನೆಂಟನೆಯ ವಾರದಲ್ಲಿ, ಅಂದರೆ ಮೇ ಮೊದಲ ಭಾಗದಲ್ಲಿ ಆದ ಟಯರು. ಸಣ್ಣ ಪೇಟೆಯ ಅಂಗಡಿಗಳಲ್ಲಿ ಬಹಳ ಕಾಲ ಕೂತ ಮಾಲು ಇರುವುದುಂಟು. ರಬ್ಬರು ಹಳೆಯದಾದಷ್ಟೂ ಬಿರುಸು. ಎರಡು ವರ್ಷಕ್ಕಿಂತ ಹಿಂದಿನದಾದರೆ ನಾನಂತೂ ಬೇರೆ ಕೇಳುತ್ತೇನೆ. ಐ.ಎಸ್.ಐ. ಗುರುತು ಇದೆಯೇ ನೋಡಿ. ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಅದು ಚಕ್ರ ಮುಂದಕ್ಕೆ ಉರುಳುವ ಕಡೆಗೇ ಇರಬೇಕು. ಟ್ಯೂಬಿನ ಟಯರಾದರೆ ಟ್ಯೂಬನ್ನೂ ಹೊಸದು ಹಾಕಿಸುವುದು ಲೇಸು.

ಟಯರು ರಿಮ್ಮಿಗೆ ಸುಲಭವಾಗಿ ಕೂರಲೆಂದು ಅಂಚಿಗೆ ಸೋಪಿನ ನೀರು ಸವರುತ್ತಾರೆ, ಅದು ಸರಿಯಾದ ಕ್ರಮ. ಗ್ರೀಸು ಅಥವಾ ಇಂಜಿನ್ ಆಯಿಲು ಸವರಲು ಹೊರಟರೆ ತಡೆಯಿರಿ. ಎಣ್ಣೆ ರಬ್ಬರಿನ ಶತ್ರು. ಅಷ್ಟೇ ಅಲ್ಲದೆ ಅಂಚು ಒಣಗದಿದ್ದರೆ ಜೋರಾಗಿ ಬ್ರೇಕು ಹಿಡಿದಾಗ ಟಯರು ರಿಮ್ಮಿನ ಮೇಲೆಯೇ ಜಾರಿ ಸುತ್ತಬಹುದು. ಟ್ಯೂಬಿನ ಮೂತಿ ಓರೆಯಾಗಿ ಕಿತ್ತುಹೋಗುವುದು ಹಾಗೆಯೇ. ಸೋಪಿನ ನೀರೂ ಒಣಗಲು ಒಂದು ದಿನ ಬೇಕು. ಮೊದಲ ದಿನ ಮೆಲ್ಲಗೆ ಹೋಗಿ ಎನ್ನುವುದಕ್ಕೆ ಇದೂ ಒಂದು ಕಾರಣ. ಗಾಳಿ ತುಂಬಿದ ಮೇಲೆ ರಿಮ್ಮಿನಂಚಿಗೆ ಸಮನಾಗಿ ಟಯರಿನ ಪಕ್ಕೆಯಲ್ಲಿ ಒಂದು ಗೆರೆ ಸುತ್ತಲೂ ಕಾಣುತ್ತದೆ. ಆ ಗೆರೆ ಒಂದು ಕಡೆ ಮೇಲೆ ಒಂದು ಕಡೆ ಒಳಗೆ ಇದ್ದರೆ ಟಯರು ಸರಿಯಾಗಿ ಕೂತಿಲ್ಲ. ಗಾಳಿ ಬಿಟ್ಟು ಮತ್ತೆ ಕೂರಿಸಲು ಹೇಳಿ.

ಚಕ್ರ ಬಿಚ್ಚಿ ಹಾಕಿದ ಮೇಲೆ ಆಗುವ ಅಪಘಾತಗಳಲ್ಲಿ ಟಯರಿನ ತಪ್ಪು ಇಲ್ಲದವೂ ಇವೆ. ಡ್ರಮ್ ಬ್ರೇಕಿನ ಗಾಡಿಯಲ್ಲಿ ಬ್ರೇಕಿನ ತಟ್ಟೆಯನ್ನು ಹಿಂದಿನ ಫೋರ್ಕಿಗೆ ಹಿಡಿದಿಡುವ ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ಅದರ ಬೋಲ್ಟು ಬಿಗಿಯದೆ ಕಳಿಸಿದರೆ ಮೊದಲ ಜೋರಿನ ಬ್ರೇಕಿಗೇ ಚಕ್ರ ಕಚ್ಚಿಕೊಳ್ಳಬಹುದು. ಆ ಬೋಲ್ಟು, ಆಕ್ಸಲ್ ನಟ್ಟು, ಇದ್ದಲ್ಲಿ ಸ್ಪ್ಲಿಟ್ ಪಿನ್ನು, ಚೈನಿನ ಸಡಿಲ, ಬ್ರೇಕಿನ ಹಿಡಿತ, ಇಷ್ಟನ್ನು ಅಂಗಡಿ ಬಿಡುವ ಮೊದಲು ಕಣ್ಣಾರೆ ನೋಡಿ, ನಾಲ್ಕು ಮಾರು ತಳ್ಳಿ ಬ್ರೇಕು ಹಿಡಿದು ಆಮೇಲೆ ಹತ್ತಿ. ಚೈನಿಗೆ ಎಣ್ಣೆ ಹಾಕುವುದಿದ್ದರೆ ಟಯರಿಗೆ ಸಿಡಿಯದಂತೆ ಒಳಮಗ್ಗುಲಿಗೆ ಸ್ವಲ್ಪವೇ ಹಾಕಿ, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿ. ಹೊಸ ಟಯರಿಗೆ ಮೇಲಿನಿಂದ ಇನ್ನಷ್ಟು ಎಣ್ಣೆ ಯಾಕೆ?

ಬೇಗ ಪಳಗಿಸುವ ಉಪಾಯಗಳನ್ನು ಹೇಳುವವರು ಊರಿಗೊಬ್ಬರು ಇದ್ದಾರೆ. ಪೆಟ್ರೋಲು ಅಥವಾ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಎನ್ನುತ್ತಾರೆ. ಅದರಿಂದ ಜಿಡ್ಡಿನ ಜೊತೆ ರಬ್ಬರಿನ ಜೀವವೂ ಹೋಗುತ್ತದೆ. ಮರಳು ಕಾಗದದಲ್ಲಿ ಉಜ್ಜಿ ಎನ್ನುತ್ತಾರೆ. ಅದು ರಸ್ತೆ ಮಾಡುವ ಕೆಲಸವನ್ನು ಅರೆಬರೆಯಾಗಿ ಮಾಡುತ್ತದೆ, ರಬ್ಬರನ್ನು ಬಿಸಿಮಾಡಿ ಒಳಪದರಗಳನ್ನು ಹೊಂದಿಸುವುದಂತೂ ಅದರಿಂದ ಆಗದು. ಗಾಳಿ ಕಡಿಮೆ ಮಾಡಿದರೆ ಹಿಡಿತ ಹೆಚ್ಚುತ್ತದೆ ಎಂಬ ಮಾತು ಡಾಂಬರು ರಸ್ತೆಗೆ ಹೊಂದುವುದಿಲ್ಲ. ಗಾಡಿ ತೇಲಾಡುತ್ತದೆ, ಟಯರು ಬೇಗ ಹಾಳಾಗುತ್ತದೆ. ಇನ್ನು ವಾಷಿಂಗ್ ಅಂಗಡಿಯಲ್ಲಿ ಟಯರು ಮಿರಿಮಿರಿ ಮಿಂಚಲೆಂದು ಬಳಿಯುವ ಪಾಲಿಶು. ಅದು ಪಕ್ಕೆಗೆ ಹತ್ತಿದರೆ ನೋಡಲು ಚೆಂದ. ನೆಲ ಮುಟ್ಟುವ ಭಾಗಕ್ಕೆ ಹತ್ತಿದರೆ ಪಳಗಿದ ಟಯರೂ ಮತ್ತೆ ಮೊದಲಿನಂತೆ. ಸುಮ್ಮನೆ ನೀರು, ಬ್ರಶ್ಶು ಸಾಕು.

ಗಾಳಿಯ ಒತ್ತಡ ಎಷ್ಟೆಂಬುದು ಚೈನ್ ಕವರಿನ ಮೇಲಿನ ಚೀಟಿಯಲ್ಲೋ ಗಾಡಿಯ ಪುಸ್ತಕದಲ್ಲೋ ಇರುತ್ತದೆ. ನೂರು ಸಿ.ಸಿ. ಗಾಡಿಗಳಲ್ಲಿ ಸಾಮಾನ್ಯವಾಗಿ ಮುಂದೆ 25 ಪೌಂಡು, ಒಬ್ಬರೇ ಇದ್ದಾಗ ಹಿಂದೆ 28ರ ಆಸುಪಾಸು, ಹಿಂದೆ ಜನ ಕೂತರೆ ಅದಕ್ಕಿಂತ ಹೆಚ್ಚು. ಬೆಳಗ್ಗೆ ಗಾಡಿ ಹೊರಡುವ ಮೊದಲು, ಟಯರು ತಣ್ಣಗಿದ್ದಾಗ ನೋಡಬೇಕು. ಶಾಖ ಹತ್ತು ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದೂವರೆ ಪೌಂಡು ಏರುತ್ತದೆ. ಕಲಬುರಗಿಯಂಥ ಊರಿನಲ್ಲಿ ನಡುಹಗಲಿನ ಓಟದ ನಂತರ ನೋಡಿದರೆ ನಾಲ್ಕೈದು ಪೌಂಡು ಜಾಸ್ತಿ ತೋರಿಸುವುದರಲ್ಲಿ ಆಶ್ಚರ್ಯವಿಲ್ಲ. ಅದನ್ನು ಕಂಡು ಗಾಳಿ ಬಿಡುವವರು ಮರುದಿನ ಬೆಳಗ್ಗೆ ಅರೆಗಾಳಿಯಲ್ಲಿ ಹೊರಟಂತೆ. ಹೊಸ ಟಯರು ಹಾಕಿದ ಎರಡು ಮೂರು ದಿನಕ್ಕೆ ಇನ್ನೊಮ್ಮೆ ನೋಡುವುದು ಅವಶ್ಯ.

ಈಗ ಪಂಚಾಂಗದ ಲೆಕ್ಕಕ್ಕೆ ಬರೋಣ. ನಮ್ಮ ಕಡೆ ಮುಂಗಾರು ಹಿಡಿಯುವುದು ಜೂನ್ ಮೊದಲ ವಾರದ ಹೊತ್ತಿಗೆ. ಮೃಗಶಿರ ಮಳೆ ಶುರುವಾದರೆ ಒಣ ರಸ್ತೆಯ ಆಸೆ ಬಿಡಬೇಕು. ಹತ್ತು ದಿನ ಪಳಗಿಸಲು, ನಾಲ್ಕು ದಿನ ಅಕಾಲದ ಮಳೆಗೆ ಎಂದು ಹಿಂದಕ್ಕೆ ಎಣಿಸಿದರೆ ಕೃತ್ತಿಕೆ ಮಳೆಯ ಹೊತ್ತಿಗೆ, ಅಂದರೆ ಮೇ ಹದಿನೈದರೊಳಗೆ ಟಯರು ಹಾಕಿಸಿರಬೇಕು. ಹಳೆಯದು ಇನ್ನೆರಡು ತಿಂಗಳು ಬಂದೀತು ಎಂದು ಜೂನ್ ಕೊನೆಯ ತನಕ ಎಳೆಯುವುದರಲ್ಲಿ ಉಳಿತಾಯವಿಲ್ಲ. ಕಾನೂನಿನ ಪ್ರಕಾರ ದ್ವಿಚಕ್ರ ವಾಹನದ ಟಯರಿನ ಹಲ್ಲಿನ ಆಳ 0.8 ಮಿಲಿಮೀಟರಿಗಿಂತ ಕಡಿಮೆ ಇರಕೂಡದು. ಆದರೆ ಅದು ಕೊನೆಯ ಗಡಿ. ಘಟ್ಟದ ಮಳೆಗೆ ಅಷ್ಟು ಆಳ ಏನೇನೂ ಸಾಲದು.

ಮಳೆಗಾಲದ ನಡುವೆಯೇ ಟಯರು ಹರಿದು ಬದಲಾಯಿಸಬೇಕಾಗಿ ಬಂದರೆ? ಬೇರೆ ದಾರಿಯಿಲ್ಲ, ಹಾಕಿಸಲೇಬೇಕು. ಒದ್ದೆ ರಸ್ತೆಯಲ್ಲಿ ಟಯರು ಬಿಸಿಯಾಗುವುದೂ ಕಡಿಮೆ, ಉಜ್ಜಿಕೊಳ್ಳುವುದೂ ಕಡಿಮೆ. ಆದ್ದರಿಂದ ನೂರೈವತ್ತನ್ನು ಮುನ್ನೂರು ಎಂದು ಎಣಿಸಿಕೊಳ್ಳಿ. ಆ ದಿನಗಳಲ್ಲಿ ಘಟ್ಟ ಇಳಿಯುವ ಕೆಲಸವಿದ್ದರೆ ಬಸ್ಸಿಗೆ ಹೋಗಿ. ಸಿಲ್ವರ್ ಓಕಿನ ಕೊಳೆತ ಎಲೆ, ಬಿದಿರಿನ ತರಗು, ಪಾಚಿ ಕಟ್ಟಿದ ಕಾಫಿ ಕಣದ ಸಿಮೆಂಟು, ರಸ್ತೆಯ ಬಿಳಿ ಪಟ್ಟೆ, ಮೋರಿಯ ಮೇಲಿನ ಕಬ್ಬಿಣದ ಜಾಲರಿ, ಇವುಗಳ ಮೇಲೆ ಹೊಸ ಟಯರು ನಿಲ್ಲುವುದಿಲ್ಲ ಎಂದೇ ತಿಳಿಯಿರಿ. ಬಯಲುಸೀಮೆಯಲ್ಲಿ ಅಂಗಳಕ್ಕೆ ಹಾಸಿದ ಶಹಾಬಾದು ಕಲ್ಲು ಒದ್ದೆಯಾದಾಗಲೂ ಹಾಗೆಯೇ. ಮನೆಯ ಗೇಟಿನೊಳಗೆ ತಿರುಗಿಸುವಾಗ ಬಿದ್ದವರು ಅಲ್ಲಿಯೂ ಇದ್ದಾರೆ. ಬಹುದಿನದ ಬಿಸಿಲಿನ ನಂತರದ ಮೊದಲ ಮಳೆ ಎಲ್ಲಕ್ಕಿಂತ ಕೆಟ್ಟದ್ದು. ರಸ್ತೆಯ ಮೇಲೆ ಕೂತ ಡೀಸೆಲ್ಲು, ಎಣ್ಣೆ, ಧೂಳು ಎಲ್ಲ ಎದ್ದು ಸೋಪಿನಂತಾಗುತ್ತದೆ. ಅರ್ಧ ಗಂಟೆ ಬಸ್ ಸ್ಟಾಂಡಿನಲ್ಲಿ ನಿಂತು ರಸ್ತೆ ತೊಳೆದುಹೋದ ಮೇಲೆ ಹೊರಡುವುದರಲ್ಲಿ ಅವಮಾನವೇನಿಲ್ಲ.

2019ರ ಏಪ್ರಿಲಿನಿಂದ 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ಗಾಡಿಗಳಿಗೆ ಎ.ಬಿ.ಎಸ್. ಕಡ್ಡಾಯವಾಗಿದೆ. ‘ನನ್ನ ಗಾಡಿಗೆ ಅದಿದೆ, ಜಾರುವುದಿಲ್ಲ’ ಎಂದು ಯುವಕರು ವಾದಿಸುತ್ತಾರೆ. ಅದು ಬ್ರೇಕು ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ, ಬಹಳ ಒಳ್ಳೆಯ ಸಾಧನ. ಟಯರಿನಲ್ಲಿ ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತಂದೀತು? ತಿರುವಿನಲ್ಲಿ ವಾಲಿದ ಗಾಡಿ ಪಕ್ಕಕ್ಕೆ ಸರಿಯುವಾಗ ನಮ್ಮ ಸಾಮಾನ್ಯ ಗಾಡಿಗಳ ಎ.ಬಿ.ಎಸ್. ಏನೂ ಮಾಡಲಾರದು.

ಸಂಘದ ಗೊಬ್ಬರದ ಗೋದಾಮಿನಲ್ಲಿ ಗಾಳಿ ನೋಡುವ ಗೇಜು ಒಂದನ್ನು ಕಾಲು ಪಂಪಿನೊಂದಿಗೆ ಇರಿಸಲಾಗಿದೆ. ಗೋದಾಮಿನ ತನಕ ಬರುವಷ್ಟರಲ್ಲಿ ಟಯರು ಬಿಸಿಯಾಗುವುದರಿಂದ ಹತ್ತಿರದ ಸದಸ್ಯರು ಹಿಂದಿನ ಸಂಜೆಯೇ ಗೇಜನ್ನು ಮನೆಗೆ ಒಯ್ದು, ಬೆಳಗ್ಗೆ ನೋಡಿ, ಹತ್ತು ಗಂಟೆಯೊಳಗೆ ಹಿಂತಿರುಗಿಸಬಹುದು. ಒಯ್ಯುವವರು ಪುಸ್ತಕದಲ್ಲಿ ರುಜು ಹಾಕತಕ್ಕದ್ದು.